ಕ್ರ್ಯಾಂಕ್‌ಬೈಟ್ ಸರಿಯಾಗಿ ಈಜುತ್ತಿಲ್ಲವೇ? ಬಣ್ಣ ಬದಲಿಸುವ ಮೊದಲು ಮೂಗಿನ ಕೊಂಡಿ ನೋಡಿ

ಕ್ರ್ಯಾಂಕ್‌ಬೈಟ್ ಎಂದರೆ ಮೀನು ಹಿಡಿಯಲು ದಾರದ ತುದಿಗೆ ಕಟ್ಟುವ, ಗಟ್ಟಿ ಮೈಯ ಕೃತಕ ಮೀನು, ಅಂದರೆ ಒಂದು ಬಗೆಯ ಲೂರ್. ಅದಕ್ಕೆ ತನ್ನದೇ ಜೀವ ಇಲ್ಲ. ದಾರ ಎಳೆದಾಗ ಮೂತಿಯ ಮುಂದಿರುವ ತಟ್ಟೆಯನ್ನು, ಅಂದರೆ ಲಿಪ್ಪನ್ನು, ನೀರು ಒತ್ತುತ್ತದೆ. ಆ ಒತ್ತಡಕ್ಕೆ ಮೂಗು ತಗ್ಗಿ ಲೂರ್ ಕೆಳಗಿಳಿಯುತ್ತದೆ. ಲಿಪ್ಪಿನ ಎರಡೂ ಅಂಚಿನಿಂದ ನೀರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಾರುವುದರಿಂದ ಮೈ ಅಲುಗುತ್ತದೆ. ಈ ಎರಡು ಕೆಲಸವನ್ನು ಕೆಡಿಸುವುದು ಮುಖ್ಯವಾಗಿ ನಾಲ್ಕು ಸಂಗತಿ: ಸೊಟ್ಟಗಾದ ಕೊಂಡಿ (ದಾರ ಕಟ್ಟುವ, ಮೂಗಿನ ಮೇಲಿನ ತಂತಿ), ತೂಕ ತಪ್ಪಿದ ಗಾಳ, ದಪ್ಪ ದಾರ, ಸುತ್ತುವ ವೇಗ. ಅಂಗಡಿಯಲ್ಲಿ ಐನೂರು, ಆರುನೂರು ರೂಪಾಯಿ ಕೊಟ್ಟು ತಂದ ಲೂರನ್ನು "ಇದು ಕೆಲಸಕ್ಕೆ ಬಾರದ್ದು" ಎಂದು ಡಬ್ಬಿಗೆ ಹಾಕುವ ಮೊದಲು ಈ ನಾಲ್ಕನ್ನೂ ಇದೇ ಕ್ರಮದಲ್ಲಿ ನೋಡಿ. ಬಣ್ಣದ ವಿಚಾರ ಕೊನೆಗಿರಲಿ.

ಪ್ಯಾಕೆಟ್ ಮೇಲೆ ಬಾಸ್, ಪೈಕ್ ಎಂದು ಬರೆದಿರುತ್ತದೆ. ಎರಡೂ ನಮ್ಮ ಕೆರೆಯ ಮೀನುಗಳಲ್ಲ. ಬಾಸ್‌ಗೆಂದು ಮಾಡಿದ್ದು ಸಾಮಾನ್ಯವಾಗಿ 5ರಿಂದ 7 ಸೆಂಟಿಮೀಟರ್ ಉದ್ದದ ಗುಂಡು ಮೈಯ ಲೂರ್. ಬೆಂಗಳೂರಿನ ಸುತ್ತ ಕೊರವನಿಗೆ, ಅಂದರೆ ಮುರೆಲ್‌ಗೆ, ಇದೇ ಹೊಂದುತ್ತದೆ. ಪೈಕ್‌ಗೆಂದು ಮಾಡಿದ್ದು 10ರಿಂದ 15 ಸೆಂಟಿಮೀಟರ್‌ನ ಉದ್ದ ಮೈಯದು. ಅದು ಇಲ್ಲಿನ ಕೆರೆಗೆ ದೊಡ್ಡದಾಯಿತು, ಕರಾವಳಿಯ ಅಳಿವೆಗಳಲ್ಲಿ ಬಾರಮುಂಡಿಗೆ ಸರಿಹೋಗುತ್ತದೆ. ಮೀನು ಬೇರೆಯಾದರೂ ಲೂರ್ ಕೆಡುವ ರೀತಿ ಒಂದೇ.

ಒಂದೇ ಪಕ್ಕಕ್ಕೆ ಎಳೆಯುತ್ತದೆ, ಅಥವಾ ಮಗುಚಿಕೊಂಡು ಮೇಲೆ ಬರುತ್ತದೆ

ಅತಿ ಹೆಚ್ಚು ಕಾಣುವ ದೋಷ ಇದು. ಅಂಗಡಿಯಿಂದ ಆಗಷ್ಟೇ ತಂದ ಲೂರಿನಲ್ಲೂ ಇರಬಹುದು. ಕಲ್ಲಿಗೆ ಬಡಿದರೆ, ಮೀನು ಹೊರಳಾಡಿದರೆ, ಡಬ್ಬಿಯಲ್ಲಿ ಒತ್ತಿ ತುಂಬಿದರೆ ಚೆನ್ನಾಗಿದ್ದ ಲೂರಿಗೂ ಬರುತ್ತದೆ.

ಪರೀಕ್ಷೆಗೆ ತಿಳಿನೀರು ಬೇಕು. ಬಕೆಟ್, ಡ್ರಮ್ಮು ಸಾಲದು; ಲೂರ್ ಪೂರ್ತಿ ವೇಗಕ್ಕೆ ಬರಲು ಐದಾರು ಮೀಟರ್ ಓಟ ಬೇಕು. ಐದು ಮೀಟರ್ ದಾರ ಬಿಟ್ಟು, ರಾಡ್ ತುದಿ ನೀರಿಗೆ ಹತ್ತಿರ ಇಟ್ಟು, ನೇರವಾಗಿ ನಿಮ್ಮ ಕಡೆಗೆ ಎಳೆಯಿರಿ. ಮೊದಲು ನಿಧಾನ, ಆಮೇಲೆ ಮಾಮೂಲಿ ವೇಗ, ಕೊನೆಗೆ ಜೋರು. ನಿಧಾನದಲ್ಲಿ ನೆಟ್ಟಗೆ ಬಂದು ಜೋರಿನಲ್ಲಿ ಮಾತ್ರ ಪಕ್ಕಕ್ಕೆ ಹೋದರೆ ದೋಷ ಸಣ್ಣದು. ನಿಧಾನದಲ್ಲೇ ಮಗುಚಿದರೆ ಕೊಂಡಿ ಚೆನ್ನಾಗಿಯೇ ಬಾಗಿದೆ.

ಈಗ ಲೂರನ್ನು ಲಿಪ್ ನಿಮ್ಮ ಕಡೆ, ಬೆನ್ನು ಮೇಲೆ ಬರುವಂತೆ ಹಿಡಿಯಿರಿ. ಎಳೆದಾಗ ನಿಮ್ಮ ಎಡಕ್ಕೆ ಹೋಗಿದ್ದರೆ ಮೂಗಿನ ಕೊಂಡಿಯನ್ನು ನಿಮ್ಮ ಬಲಕ್ಕೆ ಬಾಗಿಸಬೇಕು. ಬಲಕ್ಕೆ ಹೋಗಿದ್ದರೆ ಎಡಕ್ಕೆ. ಸಣ್ಣ ನೋಸ್ ಪ್ಲೈಯರ್‌ನಿಂದ ಕೊಂಡಿಯ ತುದಿಯನ್ನಷ್ಟೇ ಹಿಡಿದು ಒತ್ತಿ. ಎಷ್ಟು ಎಂದರೆ ಕಣ್ಣಿಗೆ ಕಂಡೂ ಕಾಣದಷ್ಟು, ಅರ್ಧ ಮಿಲಿಮೀಟರ್‌ಗಿಂತ ಕಡಿಮೆ. ಕೊಂಡಿಯನ್ನು ತಿರುಚಬಾರದು, ಬಾಗಿಸಬೇಕು. ತಿರುಚಿದರೆ ಬುಡದ ಅಂಟು ಬಿಡುತ್ತದೆ, ಬಾಲ್ಸಾ ಮರದ ಲೂರಾದರೆ ಒಳಗೆ ನೀರು ಸೇರುತ್ತದೆ. ಒಮ್ಮೆ ಬಾಗಿಸಿ, ಎಳೆದು ನೋಡಿ, ಮತ್ತೆ ಬಾಗಿಸಿ. ಮೂರು ನಾಲ್ಕು ಸಲಕ್ಕೆ ಸರಿಯಾಗುತ್ತದೆ. ಅವಸರಕ್ಕೆ ಒಂದೇ ಸಲ ಜೋರಾಗಿ ಬಾಗಿಸಿ, ಆಚೆ ಈಚೆ ಎಳೆದಾಡಿದರೆ ತಂತಿ ದಣಿದು ಮುರಿಯುತ್ತದೆ.

ಕೊಂಡಿ ನೆಟ್ಟಗಿದ್ದೂ ಪಕ್ಕಕ್ಕೆ ಎಳೆಯುತ್ತಿದೆಯೇ? ಹಾಗಾದರೆ ಹೊಟ್ಟೆಯ ಕೆಳಗಿನ ಗಾಳದ ಕೊಂಡಿಯನ್ನು ಮುಂದಿನಿಂದ ನೋಡಿ. ಅದು ಒಂದು ಪಕ್ಕಕ್ಕೆ ವಾಲಿದ್ದರೆ ಗಾಳದ ತೂಕವೂ ಆ ಪಕ್ಕಕ್ಕೇ ಬೀಳುತ್ತದೆ. ಆಮೇಲೆ ಲಿಪ್ಪಿನ ಅಂಚು. ಕೆರೆ ಏರಿಯ ಕಲ್ಲುಕಟ್ಟಡಕ್ಕೆ ದಿನವೂ ಉಜ್ಜುವ ಪ್ಲಾಸ್ಟಿಕ್ ಲಿಪ್ ಒಂದು ಮೂಲೆಯಲ್ಲಿ ಹೆಚ್ಚು ಸವೆಯುತ್ತದೆ. ಬೆರಳ ತುದಿಯನ್ನು ಅಂಚಿನ ಮೇಲೆ ಎಡದಿಂದ ಬಲಕ್ಕೆ ಆಡಿಸಿದರೆ ಒಂದು ಕಡೆ ಚೂಪು, ಇನ್ನೊಂದು ಕಡೆ ಬೋಳು ಎನ್ನುವುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. 400 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಹೆಚ್ಚು ಉಳಿದಿರುವ ಮೂಲೆಯನ್ನು ತುಸು ತುಸುವೇ ಉಜ್ಜಿ ಸಮ ಮಾಡಬಹುದು. ಲಿಪ್ ಸೀಳಿದ್ದರೆ ಆ ಲೂರಿನ ಗಾಳ ಬಿಚ್ಚಿಟ್ಟುಕೊಂಡು ಅದನ್ನು ಬಿಟ್ಟುಬಿಡುವುದೇ ಮೇಲು.

ನೆಟ್ಟಗೆ ಬರುತ್ತದೆ, ಆದರೆ ಅಲುಗಾಟವೇ ಇಲ್ಲ

ಗಂಟು ನೋಡಿ. ದಾರವನ್ನು ನೇರವಾಗಿ ಮೂಗಿನ ಕೊಂಡಿಗೆ ಬಿಗಿಯಾಗಿ ಕಟ್ಟಿದರೆ ಲೂರಿನ ತಲೆ ಆಡಲು ಜಾಗವಿಲ್ಲ. ಗಂಟು ಒಂದು ಪಕ್ಕಕ್ಕೆ ಜಾರಿದರೆ ಅದೂ ಪಕ್ಕಕ್ಕೆ ಎಳೆಯುತ್ತದೆ. ಕೊಂಡಿಯಲ್ಲಿ ಆಗಲೇ ಸಣ್ಣ ಸ್ಪ್ಲಿಟ್ ರಿಂಗ್ ಇದ್ದರೆ ಅದಕ್ಕೇ ಕಟ್ಟಿ. ಇಲ್ಲದಿದ್ದರೆ ದುಂಡು ಮೂಗಿನ ಸಣ್ಣ ಸ್ನ್ಯಾಪ್ (ತೆರೆದು ಮುಚ್ಚುವ ತಂತಿ ಕೊಂಡಿ) ಹಾಕಿ, ಅಥವಾ ಜಾರದ ಕುಣಿಕೆ ಗಂಟು ಹಾಕಿ. ಎರಡನ್ನೂ ಒಟ್ಟಿಗೆ ಹಾಕುವುದು ಬೇಡ. ನಮ್ಮಲ್ಲಿ ಬಹಳ ಜನ ಎಲ್ಲ ಲೂರಿಗೂ ದಪ್ಪನೆಯ ಸ್ನ್ಯಾಪ್ ಸ್ವಿವೆಲ್, ಅಂದರೆ ದಾರ ತಿರುಚದಂತೆ ತಾನೇ ತಿರುಗುವ ಕೊಂಡಿ, ಸಿಕ್ಕಿಸುತ್ತಾರೆ. ತಿರುಗುವ ಸ್ಪಿನ್ನರ್‌ಗೆ ಅದು ಬೇಕು. ಕ್ರ್ಯಾಂಕ್‌ಬೈಟ್ ತಿರುಗುವುದಿಲ್ಲ, ಆದ್ದರಿಂದ ಸ್ವಿವೆಲ್‌ಗೆ ಇಲ್ಲಿ ಕೆಲಸವಿಲ್ಲ. 5 ಸೆಂಟಿಮೀಟರ್ ಲೂರಿನ ಮೂಗಿಗೆ ಅದರ ತೂಕ ಬಿದ್ದರೆ ಅರ್ಧ ಅಲುಗಾಟ ಅಲ್ಲೇ ಸತ್ತಿತು. ದಾರ ತಿರುಚುತ್ತಿದೆ ಎಂದು ಸ್ವಿವೆಲ್ ಹಾಕಿದ್ದರೆ ಲೂರ್ ಮಗುಚಿ ಸುತ್ತುತ್ತಿದೆ ಎಂದೇ ಅರ್ಥ. ಮೇಲೆ ಹೇಳಿದ ಕೊಂಡಿಯ ಕೆಲಸ ಮಾಡಿ.

ಗಂಟು ಸರಿಯಿದ್ದರೆ ಗಾಳ. ಕೊರವನ ಬಾಯಿ ಗಟ್ಟಿ, ಅದಕ್ಕೆ ಮೂಲ ಗಾಳ ತೆಗೆದು ದಪ್ಪ ತಂತಿಯದನ್ನು ಹಾಕುವುದು ಒಳ್ಳೆಯ ಕೆಲಸವೇ. ಆದರೆ ಲೂರಿನ ಕೆಳಭಾಗಕ್ಕೆ ತೂಕ ಸೇರಿದಷ್ಟೂ ಅದು ದೋಣಿಗೆ ಕಲ್ಲು ತುಂಬಿದಂತೆ ನಿಶ್ಚಲವಾಗುತ್ತದೆ. ಗಾಳದ ನಂಬರ್ ದೊಡ್ಡದಾದಷ್ಟೂ ಗಾಳ ಸಣ್ಣದು ಎಂಬುದು ನೆನಪಿರಲಿ: 8ಕ್ಕಿಂತ 6 ದೊಡ್ಡದು, 6ಕ್ಕಿಂತ 4 ದೊಡ್ಡದು. 5 ಸೆಂಟಿಮೀಟರ್ ಲೂರಿಗೆ 6ನೇ ನಂಬರ್, 7 ಸೆಂಟಿಮೀಟರ್‌ಗೆ 4ನೇ ನಂಬರ್ ಟ್ರೆಬಲ್ (ಮೂರು ಮುಳ್ಳಿನ ಗಾಳ) ಸಾಮಾನ್ಯ ಅಳತೆ. ದಪ್ಪ ತಂತಿ ಬೇಕಿದ್ದರೆ ನಂಬರ್ ಅದೇ ಇಟ್ಟುಕೊಂಡು ತಂತಿಯನ್ನು ಒಂದೇ ಹೆಜ್ಜೆ ಏರಿಸಿ. ಬದಲಾಯಿಸಿದ ಮೇಲೆ ಬಕೆಟ್‌ನಲ್ಲಿ ತೇಲಿಸಿ. ಮೊದಲಿನಂತೆಯೇ ಬೆನ್ನು ನೀರಿನ ಮೇಲೆ ಕಂಡರೆ ಸರಿ. ಮುಳುಗಿದರೆ, ಅಥವಾ ಬಾಲ ಜೋತುಬಿದ್ದು ನಿಂತರೆ, ಹಿಂದಿನ ಗಾಳವನ್ನು ಒಂದು ಅಳತೆ ಸಣ್ಣದು ಮಾಡಿ. ಒಂದೇ ಮುಳ್ಳಿನ ಇನ್‌ಲೈನ್ ಸಿಂಗಲ್ ಹುಕ್ ಹಾಕಿದರೂ ತೂಕ ಇಳಿಯುತ್ತದೆ. ಮೀನನ್ನು ಮತ್ತೆ ನೀರಿಗೆ ಬಿಡುವವರಿಗೆ ಇದೇ ಒಳ್ಳೆಯದು; ಬಾಯಿಯಿಂದ ಬಿಡಿಸುವುದು ಸುಲಭ, ಗಾಯ ಕಡಿಮೆ.

ಇದೂ ಅಲ್ಲವಾದರೆ ಲೂರನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗಿನ ಗುಂಡಿನ ಟಕಟಕ ಸದ್ದು ಮಂಕಾಗಿದ್ದರೆ, ಜೊತೆಗೆ ಕುಲುಕುಲು ಎಂದರೆ, ನೀರು ಸೇರಿದೆ. ಮಗ್‌ನಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಲೂರನ್ನು ಪೂರ್ತಿ ಮುಳುಗಿಸಿ ಹಿಡಿಯಿರಿ. ಒಳಗಿನ ಗಾಳಿ ಬಿಸಿಗೆ ಹಿಗ್ಗಿ, ಸೀಳಿರುವ ಕಡೆಯಿಂದ ಸಾಸಿವೆಯಷ್ಟು ಗುಳ್ಳೆಗಳು ಒಂದೊಂದಾಗಿ ಏಳುತ್ತವೆ. ಹೆಚ್ಚಾಗಿ ಬೆನ್ನಿನ ಬೆಸುಗೆಯಲ್ಲಿ ಅಥವಾ ಲಿಪ್ ಬುಡದಲ್ಲಿ. ಆ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಸೀಳು ಕೆಳಮುಖವಾಗಿರುವಂತೆ ಎರಡು ದಿನ ನೆರಳಲ್ಲಿ ತೂಗುಹಾಕಿ ನೀರು ಬಸಿಯಿರಿ. ಒಣಗಿದ ಮೇಲೆ ಅರಾಲ್ಡೈಟ್ ತೆಳ್ಳಗೆ ಸವರಿ 24 ಗಂಟೆ ಬಿಡಿ. ದಪ್ಪಗೆ ಮೆತ್ತಿದರೆ ಅಂಟಿನ ತೂಕವೇ ಲೂರನ್ನು ಒಂದು ಪಕ್ಕಕ್ಕೆ ವಾಲಿಸುತ್ತದೆ.

ಹೇಳಿದ ಆಳಕ್ಕೆ ಇಳಿಯುವುದಿಲ್ಲ

ಪ್ಯಾಕೆಟ್ ಮೇಲೆ 8 ಅಡಿ ಎಂದಿದೆ, ನಿಮ್ಮದು 5 ಅಡಿಗೇ ನಿಲ್ಲುತ್ತದೆ. ಲೂರಿನ ತಪ್ಪಿರಲಿಕ್ಕಿಲ್ಲ. ಆ ಅಂಕಿ ತೆಳು ದಾರದಲ್ಲಿ, ಬಲು ದೂರದ ಎಸೆತದಲ್ಲಿ ಸಿಗುವಂಥದ್ದು. ಕೆಲವು ಕಂಪನಿಗಳು ದೋಣಿಯ ಹಿಂದೆ ಎಳೆದಾಗಿನ ಆಳವನ್ನೇ ಬರೆದಿರುತ್ತವೆ. 25 ಮೀಟರ್ ಎಸೆದರೆ ಸುಮಾರು ಮೊದಲ ಮೂರನೇ ಒಂದು ಭಾಗ ಇಳಿಯುವುದಕ್ಕೇ ಹೋಗುತ್ತದೆ. ದಡ ಹತ್ತಿರವಾದಂತೆ ದಾರದ ಕೋನ ಕಡಿದಾಗಿ ಲೂರ್ ಮೇಲೇಳುತ್ತದೆ. ಪೂರ್ತಿ ಆಳದಲ್ಲಿ ಈಜುವುದು ಮಧ್ಯದ ಒಂದಿಷ್ಟು ದೂರ ಮಾತ್ರ.

ದಾರದ ದಪ್ಪ ಎಲ್ಲಕ್ಕಿಂತ ಮುಖ್ಯ. ನೀರು ಲೂರನ್ನು ತಡೆಯುವಂತೆ ದಾರವನ್ನೂ ತಡೆಯುತ್ತದೆ. 20 ಪೌಂಡ್ ಭಾರ ತಡೆಯುವ ಬ್ರೇಡ್ (ಎಳೆ ಹೆಣೆದ ದಾರ) ಸುಮಾರು 0.23 ಮಿಲಿಮೀಟರ್ ಇದ್ದರೆ, 20 ಪೌಂಡ್ ಮೋನೊ (ಒಂದೇ ಎಳೆಯ ನೈಲಾನ್ ದಾರ) ಅದರ ಹೆಚ್ಚುಕಡಿಮೆ ಎರಡರಷ್ಟು ದಪ್ಪ. ಮೋನೊದಿಂದ ಬ್ರೇಡ್‌ಗೆ ಬಂದರೆ ಅದೇ ಲೂರ್ ಆಳಕ್ಕೆ ಹೋಗುವುದು ಇದಕ್ಕೇ. ಬ್ರೇಡ್ ನೀರಿಗಿಂತ ಹಗುರ, ತೇಲುತ್ತದೆ. ಫ್ಲೋರೋಕಾರ್ಬನ್ ದಾರ ನೀರಿಗಿಂತ ಸುಮಾರು 1.8 ಪಟ್ಟು ಸಾಂದ್ರ, ಮುಳುಗುತ್ತದೆ. ಬ್ರೇಡ್‌ನ ತುದಿಗೆ ಒಂದು ಮೀಟರ್ 20 ಅಥವಾ 25 ಪೌಂಡ್ ಫ್ಲೋರೋಕಾರ್ಬನ್ ಲೀಡರ್ ಕಟ್ಟಿದರೆ ಕಲ್ಲಿನ ಉಜ್ಜಾಟಕ್ಕೂ ತಡೆಯುತ್ತದೆ, ಇಳಿಯುವುದಕ್ಕೂ ಅಡ್ಡಿಯಾಗುವುದಿಲ್ಲ.

ರಾಡ್ ತುದಿ ಆಕಾಶಕ್ಕೆ ಎತ್ತಿ ಸುತ್ತುತ್ತಿದ್ದರೆ ಮೊದಲು ಅದನ್ನು ನೀರಿನ ಹತ್ತಿರಕ್ಕೆ ಇಳಿಸಿ. ಇನ್ನು ವೇಗ. ಜೋರಾಗಿ ಸುತ್ತಿದಷ್ಟೂ ಆಳ ಎಂಬುದು ತಪ್ಪು ತಿಳಿವಳಿಕೆ. ಒಂದು ಮಿತಿ ದಾಟಿದರೆ ಲೂರ್ ಇಳಿಯದೆ ವಾಲಿ ಪಲ್ಟಿ ಹೊಡೆಯುತ್ತದೆ. 2500 ಅಳತೆಯ, 5.2:1 ಗೇರಿನ ಸ್ಪಿನ್ನಿಂಗ್ ರೀಲ್ ಹಿಡಿಕೆಯ ಒಂದು ಸುತ್ತಿಗೆ ಸುಮಾರು 75 ಸೆಂಟಿಮೀಟರ್ ದಾರ ಎಳೆಯುತ್ತದೆ. ಸೆಕೆಂಡಿಗೆ ಒಂದು ಸುತ್ತಿನಿಂದ ಶುರುಮಾಡಿ. 6.2:1 ರೀಲ್ ಇದ್ದರೆ ಕೈಯನ್ನು ಇನ್ನೂ ನಿಧಾನ ಮಾಡಬೇಕು. ರಾಡ್ ತುದಿಯಲ್ಲಿ ಒಂದೇ ಸಮನೆ ಗುರುಗುಡುವ ಮಿಡಿತ ಸಿಕ್ಕಿತೆಂದರೆ ಅದೇ ಆ ಲೂರಿನ ವೇಗ.

ತಳ ಬಡಿಯುತ್ತದೆ, ಹೂಳು ಹೊತ್ತು ತರುತ್ತದೆ, ಕಸ ಸಿಕ್ಕಿಕೊಳ್ಳುತ್ತದೆ

ಇಲ್ಲಿ ತಪ್ಪು ಆಯ್ಕೆಯದ್ದು. ನಮ್ಮ ಕೆರೆಗಳು ನದಿಯಂತಲ್ಲ. ಒಂದು ಕಡೆ ಏರಿ ಕಟ್ಟಿ ನೀರು ನಿಲ್ಲಿಸಿದ್ದು, ಆದ್ದರಿಂದ ಆಳ ಇರುವುದು ಏರಿಯ ಬುಡದಲ್ಲಿ, ಅದರಲ್ಲೂ ತೂಬಿನ ಹತ್ತಿರ. ಅಲ್ಲಿಂದ ಅಂಗಳದ ಕಡೆ ಹೋದಂತೆ ನೀರು ತೆಳ್ಳಗಾಗುತ್ತ, ರಾಜಕಾಲುವೆ ಸೇರುವ ಬಾಯಲ್ಲಿ ಮೊಣಕಾಲುದ್ದ ನೀರು, ಅದರ ಕೆಳಗೆ ಅಷ್ಟೇ ಹೂಳು ಇರುತ್ತದೆ. ಒಂದೇ ಲೂರ್ ಎರಡೂ ಕಡೆ ನಡೆಯುವುದಿಲ್ಲ.

ಗಟ್ಟಿ ತಳ, ಕಲ್ಲು ಇರುವ ಕಡೆ ನೀರಿನ ಆಳಕ್ಕಿಂತ ಒಂದೆರಡು ಅಡಿ ಹೆಚ್ಚು ಇಳಿಯುವ ಲೂರ್ ಬೇಕು; ಲಿಪ್ ಕಲ್ಲಿಗೆ ಬಡಿದು ಲೂರ್ ಪಕ್ಕಕ್ಕೆ ಸಿಡಿಯಬೇಕು. ಆ ಸಿಡಿತಕ್ಕೇ ಮೀನು ಎರಗುವುದು. ಬೇಟೆಯಾಡುವ ಮೀನು ಆರಿಸಿಕೊಳ್ಳುವುದು ಗುಂಪಿನಲ್ಲಿ ತಡವರಿಸುವ ಒಂದನ್ನು. ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ಮಾಡಿದ ತನ್ನ ಮೊದಲ ಲೂರಿಗೆ ಕೊಡಲು ಹೊರಟದ್ದೂ ಗಾಯಗೊಂಡ ಮೀನಿನ ಅದೇ ತಡವರಿಕೆಯನ್ನು. ಹೂಳಿನ ತಳದಲ್ಲಿ ಮಾತ್ರ ಇದರ ತಿರುವುಮುರುವು: ನೀರಿನ ಆಳಕ್ಕಿಂತ ಒಂದಡಿ ಕಡಿಮೆ ಇಳಿಯುವುದನ್ನು ಹಾಕಿ. ಕೆಸರಿಗೆ ಮೂತಿ ತೂರಿಸಿದ ಲೂರಿಗೆ ಸಿಡಿತವಿಲ್ಲ, ಗಾಳದ ತುಂಬ ಕಪ್ಪು ಕೊಳೆ ಅಷ್ಟೇ.

ಆಳ ಗೊತ್ತಿಲ್ಲದ ಕಡೆ ಅಳೆಯಲು ತೇಲುವ ಲೂರೇ ಸಾಕು. 3 ಅಡಿಯದನ್ನು ಎಸೆದು ಎಳೆಯಿರಿ, ಎಲ್ಲೂ ತಾಗದಿದ್ದರೆ 5 ಅಡಿಯದು, ಆಮೇಲೆ 8 ಅಡಿಯದು. ಎಸೆತದ ಯಾವ ಹಂತದಲ್ಲಿ ತಾಗಿತು ಎಂಬುದನ್ನು ಗಮನಿಸಿದರೆ ತಳದ ಇಳಿಜಾರು ಅಂದಾಜಿಗೆ ಬರುತ್ತದೆ.

ಏರಿಯ ಮೇಲೆ ನಿಂತು ಕೆರೆಯ ನಡುವಿಗೆ ನೇರ ಎಸೆಯುವುದು ಬಹುತೇಕರ ಅಭ್ಯಾಸ. ಲೂರ್ ಕಲ್ಲಿನ ಹತ್ತಿರ ಬರುವ ಹೊತ್ತಿಗೆ ಮೇಲೆದ್ದಿರುತ್ತದೆ, ಆದರೆ ಕೊರವ ಕಾದಿರುವುದು ಆ ಕಲ್ಲಿನ ಸಂದಿಯಲ್ಲೇ. ಏರಿಗೆ ಸಮಾನಾಂತರವಾಗಿ, ದಡದಿಂದ ಒಂದೆರಡು ಮೀಟರ್ ಬಿಟ್ಟು ಎಸೆಯಿರಿ. ಇಡೀ ಎಳೆತವೂ ಕಲ್ಲಿನ ಪಕ್ಕದಲ್ಲೇ ಸಾಗುತ್ತದೆ. ಅಗಲ ಚೌಕ ಲಿಪ್ಪಿನ, 3ರಿಂದ 5 ಅಡಿ ಇಳಿಯುವ ಲೂರ್ ಇಲ್ಲಿಗೆ ಹೇಳಿ ಮಾಡಿಸಿದ್ದು. ಲಿಪ್ಪಿನ ಮೂಲೆ ಮೊದಲು ತಾಗಿ ಮೈ ಓರೆಯಾಗುವುದರಿಂದ ಗಾಳ ಕಲ್ಲಿಗೆ ಸಿಗುವುದು ಕಡಿಮೆ. ಈಗ ಅನೇಕ ಏರಿಗಳ ಮೇಲೆ ವಾಕಿಂಗ್ ಟ್ರ್ಯಾಕ್ ಇದೆ. ಬೆನ್ನ ಹಿಂದೆ ಜನ ಓಡಾಡುವಾಗ ಆರು ಮುಳ್ಳು ನೇತಾಡುವ ಲೂರನ್ನು ತಲೆಯ ಮೇಲಿಂದ ಬೀಸಲೇಬೇಡಿ. ಕೆಳಗಿನಿಂದ ಚಿಮ್ಮಿಸಿ, ಇಲ್ಲವೇ ಜನ ದಾಟುವವರೆಗೆ ಕಾಯಿರಿ. ಆ ಕೆರೆಯಲ್ಲಿ ಗಾಳ ಹಾಕಲು ಅನುಮತಿ ಇದೆಯೇ, ಮೀನುಗಾರಿಕೆ ಗುತ್ತಿಗೆ ಯಾರದ್ದು ಎಂದು ಕೇಳಿಕೊಂಡೇ ರಾಡ್ ಬಿಚ್ಚಿ.

ಅಂತರಗಂಗೆ ಮುಚ್ಚಿದ ನೀರಿಗೆ ಕ್ರ್ಯಾಂಕ್‌ಬೈಟ್ ಬೇಡವೇ ಬೇಡ. ಎಷ್ಟು ಟ್ಯೂನ್ ಮಾಡಿದರೂ ಪ್ರತಿ ಎಸೆತಕ್ಕೂ ಬೇರು ಕಿತ್ತು ತರುತ್ತದೆ. ಅಲ್ಲಿ ಮೃದು ಕಪ್ಪೆ ಲೂರ್ ಹಾಕಿ, ಕ್ರ್ಯಾಂಕ್‌ಬೈಟನ್ನು ಕಳೆಯ ಹೊರ ಅಂಚಿಗೆ ಇಟ್ಟುಕೊಳ್ಳಿ.

ಸಿಕ್ಕಿಕೊಂಡಾಗ ರಾಡ್ ಬಗ್ಗಿಸಿ ಎಳೆಯಬೇಡಿ, ಗಾಳ ಇನ್ನೂ ಆಳಕ್ಕೆ ಹೋಗುತ್ತದೆ. ದಾರ ಸಡಿಲ ಬಿಟ್ಟು ಐದಾರು ಸೆಕೆಂಡ್ ಸುಮ್ಮನಿರಿ. ತೇಲುವ ಲೂರ್ ಹಿಂದಕ್ಕೆ ಜಾರಿ ತಾನೇ ಬಿಡಿಸಿಕೊಳ್ಳುವುದುಂಟು. ಆಗದಿದ್ದರೆ ಏರಿಯ ಮೇಲೆ ಲೂರಿನ ಆಚೆ ಬದಿಗೆ ನಡೆದು ಹೋಗಿ ಎದುರು ದಿಕ್ಕಿನಿಂದ ಎಳೆಯಿರಿ. ಅದೂ ಆಗದಿದ್ದರೆ 50 ಗ್ರಾಂ ಸೀಸದ ಗುಂಡಿಗೆ ದೊಡ್ಡ ಸ್ನ್ಯಾಪ್ ಹಾಕಿ ದಾರಕ್ಕೆ ಸಿಕ್ಕಿಸಿ ಜಾರಿಬಿಡಿ. ಅದು ಹೋಗಿ ಲೂರಿನ ಮೂಗಿಗೆ ಗುದ್ದಿ ಹಿಂದಕ್ಕೆ ತಳ್ಳುತ್ತದೆ. ಬ್ರೇಡನ್ನು ಬರಿಗೈಗೆ ಸುತ್ತಿ ಎಳೆದರೆ ಬೆರಳು ಸೀಳುತ್ತದೆ, ಒಂದು ಕೋಲಿಗೆ ಸುತ್ತಿ ಎಳೆಯಿರಿ. ಬಿಟ್ಟುಬಂದ ಲೂರ್ ನೇರ ಮುಖಕ್ಕೆ ಹಾರುತ್ತದೆ. ಕನ್ನಡಕ ಇರಲೇಬೇಕು.

ಮೀನು ಬಡಿಯುತ್ತದೆ, ಆದರೆ ಗಾಳಕ್ಕೆ ಸಿಗದೆ ಬಿಟ್ಟುಹೋಗುತ್ತದೆ

ಗಾಳದ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಓರೆಯಾಗಿ ಇಟ್ಟು ಮೆಲ್ಲಗೆ ಎಳೆಯಿರಿ. ಚೂಪಾಗಿದ್ದರೆ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಜಾರಿ ಗೀರು ಬಿಟ್ಟರೆ ಮೊಂಡು. ಕಲ್ಲಿನ ಮೇಲೆ ಅರ್ಧ ಗಂಟೆ ಆಡಿಸಿದ ಲೂರಿನ ಹೊಟ್ಟೆಗಾಳದ ಮುಂದಿನ ಎರಡು ಮೊನೆ ಮೊದಲು ಮೊಂಡಾಗುತ್ತವೆ.

ಮೊನೆ ಸರಿಯಿದ್ದರೆ ರಾಡ್ ಮತ್ತು ನಿಮ್ಮ ಕೈ. ತುದಿ ಮಾತ್ರ ಬಗ್ಗುವ ಬಿರುಸು ರಾಡ್, ಅದಕ್ಕೆ ಹಿಗ್ಗದ ಬ್ರೇಡ್, ಅದರ ಮೇಲೆ ಬಡಿದ ಕೂಡಲೇ ಜಗ್ಗುವ ಅಭ್ಯಾಸ, ಮೂರೂ ಸೇರಿದರೆ ಮೀನು ಬಾಯಿ ಮುಚ್ಚುವ ಮೊದಲೇ ಲೂರನ್ನು ಕಿತ್ತುಕೊಂಡಂತೆ. ನಡುಭಾಗದವರೆಗೆ ಬಗ್ಗುವ, 6.5 ಅಥವಾ 7 ಅಡಿಯ ಮೀಡಿಯಂ ರಾಡ್ ಬೇಕು. ಬಡಿದಾಗ ಸುತ್ತುವುದನ್ನು ನಿಲ್ಲಿಸದೆ, ಭಾರ ಬಿದ್ದ ಮೇಲೆ ರಾಡನ್ನು ಪಕ್ಕಕ್ಕೆ ಒಂದೇ ಎಳೆತ ಸರಿಸಿ. ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ದಾರ ಬಿಡುವ ರೀಲಿನ ಬಿಗಿ, ದಾರದ ಬಲದ ಕಾಲು ಭಾಗಕ್ಕೆ ಇರಲಿ: 20 ಪೌಂಡ್ ದಾರ ಎಂದರೆ 9 ಕಿಲೊ, ಅದರ ಕಾಲು ಭಾಗ ಸುಮಾರು ಎರಡೂಕಾಲು ಕಿಲೊ. ಲಗೇಜ್ ತೂಗುವ ಕೈತಕ್ಕಡಿಗೆ ದಾರ ಕಟ್ಟಿ ಎಳೆದು ನೋಡಿದರೆ ಖಚಿತವಾಗಿ ಗೊತ್ತಾಗುತ್ತದೆ. ಕೈಯ ಅಂದಾಜು ನಂಬಬೇಡಿ.

ಹಿಡಿದ ಮೀನು ಯಾವ ಗಾಳಕ್ಕೆ ಸಿಕ್ಕಿದೆ ಎಂಬುದನ್ನು ನೋಡುತ್ತಿರಿ. ಎಲ್ಲವೂ ಬಾಲದ ಗಾಳದ ತುದಿಯಲ್ಲೇ ನೇತಾಡುತ್ತಿದ್ದರೆ ಮೀನು ಹಿಂಬಾಲಿಸುತ್ತಿದೆ, ನುಂಗಲು ಅನುಮಾನಿಸುತ್ತಿದೆ. ನಾಲ್ಕು ಸುತ್ತಿಗೊಮ್ಮೆ ಒಂದು ಸೆಕೆಂಡ್ ನಿಲ್ಲಿಸಿ, ಅಥವಾ ಒಂದು ಅಳತೆ ಸಣ್ಣ ಲೂರ್ ಹಾಕಿ. ಗೆಂಡೆಯೋ ಜಿಲೇಬಿಯೋ ಮೈಗೆ ಗಾಳ ಚುಚ್ಚಿಕೊಂಡು ಬರುತ್ತಿದ್ದರೆ ನೀವು ಎಳೆಯುತ್ತಿರುವುದು ಅವುಗಳ ಗುಂಪಿನ ನಡುವೆ. ಆ ಜಾಗ ಬಿಡಿ.

ಪೈಕ್ ನೀರಿಗೆ ಹೋಗುವವರಿಗೆ

ಕೆಲಸದ ಮೇಲೆ ಸ್ವೀಡನ್ನಿಗೋ ಫಿನ್ಲೆಂಡಿಗೋ ಹೋದಾಗ ಇದೇ ಡಬ್ಬಿ ಒಯ್ಯುವವರಿದ್ದಾರೆ. ಅಲ್ಲಿ ಒಂದೇ ಹೊಸ ದೋಷ: ಲೂರೇ ಮಾಯ. ಪೈಕ್‌ನ ಹಲ್ಲು 25 ಪೌಂಡ್ ಫ್ಲೋರೋಕಾರ್ಬನ್ನನ್ನು ಬ್ಲೇಡಿನಂತೆ ಕತ್ತರಿಸುತ್ತದೆ. 30 ಸೆಂಟಿಮೀಟರ್‌ನ ತೆಳು ವೈರ್ ಲೀಡರ್ ಕಡ್ಡಾಯ, ಅದಿಲ್ಲದೆ ಎಸೆದರೆ ಗಾಳ ಬಾಯಲ್ಲಿ ಉಳಿದು ಮೀನು ನರಳುತ್ತದೆ. ವೈರ್‌ನ ತೂಕಕ್ಕೆ ಸಣ್ಣ ಲೂರ್ ಮೂಗು ತಗ್ಗಿಸಿ ಸಪ್ಪೆಯಾಗುವುದರಿಂದ 9 ಸೆಂಟಿಮೀಟರ್‌ಗಿಂತ ದೊಡ್ಡದನ್ನೇ ಹಾಕಿ. ನೀರು 10 ಡಿಗ್ರಿಗಿಂತ ತಣ್ಣಗಿದ್ದರೆ ಕಿರಿದಾಗಿ ಅಲುಗುವ ಚಪ್ಪಟೆ ಮೈಯ ಲೂರ್, ನಿಧಾನ ಎಳೆತ, ಉದ್ದ ವಿರಾಮ. ಬೇಸಿಗೆಯಲ್ಲಿ ನೀರು 20 ಡಿಗ್ರಿ ದಾಟಿದಾಗ ಹಿಡಿದು ಬಿಟ್ಟ ಪೈಕ್ ಬದುಕುವುದು ಕಷ್ಟ, ಆಗ ಹಿಡಿಯದಿರುವುದೇ ಸರಿ.

ಬಣ್ಣ

ಇಷ್ಟೆಲ್ಲ ಸರಿಯಿದ್ದ ಮೇಲೂ ಬಡಿತವಿಲ್ಲದಿದ್ದರೆ ಬಣ್ಣ ನೋಡೋಣ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಕೆರೆ ಚಹಾದ ಬಣ್ಣಕ್ಕೆ ತಿರುಗಿದಾಗ ಗಿಳಿಹಸಿರು, ಕಿತ್ತಳೆ ಹೊಟ್ಟೆ, ಗಟ್ಟಿ ಸದ್ದಿನ ಗುಂಡು. ಮಾರ್ಚ್, ಏಪ್ರಿಲ್‌ನಲ್ಲಿ ನೀರು ತಿಳಿಯಾದಾಗ ಜಿಲೇಬಿ ಮರಿಯಂತೆ ಬೂದು ಬೆನ್ನು, ಮಾಸಲು ಪಟ್ಟೆ, ಕಡಿಮೆ ಸದ್ದು. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಪುಟಪುಟ ಎದ್ದು ಮುಳುಗುತ್ತಿದ್ದರೆ ಅದರ ಕೆಳಗೆ ತಾಯಿ ತಂದೆ ಕೊರವಗಳು ಕಾವಲಿರುತ್ತವೆ. ಅವು ಯಾವ ಲೂರಿಗಾದರೂ ಎರಗುತ್ತವೆ. ಅಲ್ಲಿ ಎಸೆಯಬೇಡಿ, ದೊಡ್ಡವು ಹೋದರೆ ಆ ಮರಿಗಳನ್ನು ಉಳಿದ ಮೀನುಗಳು ಬೇಗನೆ ತಿಂದು ಮುಗಿಸುತ್ತವೆ.

ಮನೆಗೆ ಬಂದ ಮೇಲೆ

ಸಿಹಿನೀರಲ್ಲಿ ತೊಳೆದು, ಗಾಳ ಒರೆಸಿ, ಡಬ್ಬಿಯ ಮುಚ್ಚಳ ರಾತ್ರಿಯಿಡೀ ತೆರೆದಿಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಒಳಗಾಳಿ ಹಿಗ್ಗಿ ಬೆಸುಗೆ ಬಾಯಿಬಿಡುತ್ತದೆ. ರಬ್ಬರಿನಂಥ ಮೃದು ಲೂರುಗಳನ್ನು ಅದೇ ಖಾನೆಯಲ್ಲಿ ಇಡಬೇಡಿ. ಅವುಗಳಲ್ಲಿರುವ ಎಣ್ಣೆಯಂಥ ರಾಸಾಯನಿಕ ಗಟ್ಟಿ ಲೂರಿನ ಬಣ್ಣವನ್ನು ಕರಗಿಸಿ, ಎರಡೂ ಅಂಟಿಕೊಂಡು, ಬಿಡಿಸುವಾಗ ಲಿಪ್ ಮೇಲೆ ಜಿಗುಟು ಪದರ ಉಳಿಯುತ್ತದೆ. ನೆಟ್ಟಗೆ ಮಾಡಿದ ಲೂರುಗಳನ್ನು ಒಂದೊಂದು ಖಾನೆಗೆ ಒಂದರಂತೆ, ಮೂಗಿನ ಕೊಂಡಿಯ ಮೇಲೆ ಏನೂ ಒತ್ತದಂತೆ ಇಡಿ.